ಹಾಡು ಎಲ್ಲರದ್ದು, ಮುಖ ಅವಳೊಬ್ಬಳದ್ದೇ

ಒಂದು ಪ್ರಶ್ನೆ ಕೇಳ್ತೀನಿ, ಯೋಚಿಸಿ ಹೇಳಿ. ಹನ್ನೊಂದು ಜನ ಗೆಳೆಯರು ಕಾಲೇಜಿನಲ್ಲಿದ್ದಾಗ ಸೇರಿ ಒಂದು ಮ್ಯೂಸಿಕ್ ವಿಡಿಯೋ ಮಾಡಿದ್ದಾರೆ. ಎಲ್ಲರೂ ದುಡ್ಡು ಹಾಕಿದ್ದಾರೆ, ಎಲ್ಲರೂ ಬಿಸಿಲಲ್ಲಿ ಬೆಂದಿದ್ದಾರೆ, ಎಲ್ಲರೂ ಖುಷಿಯಿಂದಲೇ ಅದನ್ನ ಯೂಟ್ಯೂಬಿಗೆ ಏರಿಸಿದ್ದಾರೆ. ಆರೇಳು ವರ್ಷ ಆದಮೇಲೆ ಆ ಹನ್ನೊಂದರಲ್ಲಿ ಒಬ್ಬಳು, "ಅದರಲ್ಲಿ ನನ್ನ ಮುಖ ಇರೋದು ಬೇಡ, ತೆಗೆದುಬಿಡ್ತೀರಾ?" ಅಂತ ಕೇಳ್ತಾಳೆ. ಉಳಿದ ಹತ್ತು ಜನ ಏನು ಮಾಡಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ತೆಗೀಬೇಕು. ಯಾಕೆ ಅಂತ ಕೇಳದೆ ತೆಗೀಬೇಕು.

ಇಷ್ಟೇ ಆಗಿದ್ರೆ ಇಷ್ಟುದ್ದ ಬರೆಯೋ ಕೆಲಸ ಇರ್ತಿರಲಿಲ್ಲ. ಆದರೆ ಆ ಹತ್ತು ಜನರಲ್ಲಿ ನಾನೂ ಒಬ್ಬ. ಉಳಿದ ಒಂಬತ್ತು ಜನರಲ್ಲಿ ಅರ್ಧದಷ್ಟು ಮಂದಿ ನನ್ನ ಮಾತು ಒಪ್ಪಲಿಲ್ಲ. ಅವರೇನೂ ಕೆಟ್ಟವರಲ್ಲ, ಅವರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಬರೀಬೇಕು ಅನ್ನಿಸ್ತು.

(ಬರೆಯೋಕೆ ಮುಂಚೆ ಅವಳನ್ನ ಕೇಳಿದ್ದೀನಿ. "ಹೆಸರು, ಊರು, ಕಾಲೇಜು ಬರಬಾರದು. ಚರ್ಚ್ ಬಗ್ಗೆ ಬೇಕಾದಷ್ಟು ಬರ್ಕೋ" ಅಂದಿದ್ದಾಳೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ಚರ್ಚ್ ಮಾತ್ರ ಇದೆ :))

*

ಮೊದಲು ಆ ವಿಡಿಯೋ ಹೇಗಾಯ್ತು ಅಂತ ಹೇಳ್ಬೇಕು. ಅದು ಗೊತ್ತಿಲ್ಲದಿದ್ರೆ ನನ್ನ ಗೆಳೆಯರಿಗೆ ಯಾಕೆ ಅಷ್ಟು ನೋವಾಯ್ತು ಅನ್ನೋದು ಅರ್ಥ ಆಗಲ್ಲ.

2019ರ ಫೆಬ್ರವರಿ-ಮಾರ್ಚ್. ಇಂಜಿನಿಯರಿಂಗಿನ ಎಂಟನೇ ಸೆಮಿಸ್ಟರ್. ಆ ಸೆಮಿಸ್ಟರ್ ಹೇಗಿರುತ್ತೆ ಅಂತ ಓದಿದವರಿಗೆ ಗೊತ್ತು. ಕ್ಲಾಸು ಕಮ್ಮಿ, ಪ್ರಾಜೆಕ್ಟು ಅನ್ನೋ ಹೆಸರಲ್ಲಿ ಓಡಾಟ ಜಾಸ್ತಿ. ನಮ್ಮ ಕಡೆ ಆಗ ಪ್ರತಿ ಕಾಲೇಜಿನಲ್ಲೂ ಒಂದೆರಡು ಬ್ಯಾಂಡು ಹುಟ್ಟಿಕೊಂಡಿದ್ವು. 2016ರ ಕೊನೆಗೆ ಬಂದ 'ಕಿರಿಕ್ ಪಾರ್ಟಿ' ಚಿತ್ರೀಕರಣವಾಗಿದ್ದೇ ಹಾಸನದ ಕಾಲೇಜೊಂದರಲ್ಲಿ. ಅದನ್ನ ನೋಡಿದ ಮೇಲೆ ಗಿಟಾರ್ ಹಿಡಿಯೋಕೆ ಬರೋನೂ ಬರದೇ ಇರೋನೂ ಇಬ್ಬರೂ ಹೆಗಲಿಗೆ ಒಂದು ಗಿಟಾರ್ ಬ್ಯಾಗ್ ಹಾಕ್ಕೊಂಡು ಓಡಾಡ್ತಿದ್ದ ಕಾಲ ಅದು.

ನಾವು ಒಂದು ವಿಷಯದಲ್ಲಿ ಹಟ ಹಿಡಿದಿದ್ವಿ. ಸಿನಿಮಾ ಹಾಡಿಗೆ ವಿಡಿಯೋ ಮಾಡಬಾರದು, ಹಾಡು ನಮ್ಮದೇ ಆಗಿರಬೇಕು. ಇದರಲ್ಲಿ ಕಲೆಯ ಅಭಿಮಾನ ಎಷ್ಟಿತ್ತೋ ಅಷ್ಟೇ ಲೆಕ್ಕಾಚಾರವೂ ಇತ್ತು. ಕಾಲೇಜ್ ಡೇ ದಿನ ವೇದಿಕೆ ಮೇಲೆ ಸಿನಿಮಾ ಹಾಡು ಹಾಡೋಕೆ ಕಾಪಿರೈಟ್ ಕಾನೂನಿನಲ್ಲೇ ವಿನಾಯಿತಿ ಇದೆ. ಆದರೆ ಅದೇ ಹಾಡಿಗೆ ದೃಶ್ಯ ಜೋಡಿಸಿ ಇಂಟರ್ನೆಟ್ಟಿಗೆ ಹಾಕಿದ್ರೆ ಆ ವಿನಾಯಿತಿ ಬರಲ್ಲ. ಕೆಳಗೆ "ಕಾಪಿರೈಟ್ ಉಲ್ಲಂಘಿಸುವ ಉದ್ದೇಶ ನಮಗಿಲ್ಲ" ಅಂತ ಎಷ್ಟು ವಿನಯದಿಂದ ಬರೆದ್ರೂ ಅಷ್ಟೇ. ಯೂಟ್ಯೂಬಿನ ಕಂಟೆಂಟ್ ಐಡಿ ಅನ್ನೋ ಯಂತ್ರ 2007ರಿಂದ ಇದೆ. ಅದು ಹಾಡಿನ ಬೆರಳಚ್ಚು ಹೋಲಿಸಿ ನೋಡುತ್ತೆ, ನಮ್ಮ ವಿನಯ ಓದಲ್ಲ.

ಹೀಗಾಗಿ ನಮ್ಮದೇ ಹಾಡು. ಸಾಹಿತ್ಯ ಬರೆದವನು ಮೆಕ್ಯಾನಿಕಲ್ ಹುಡುಗ. ರಾಗ ಹಾಕಿದವನು ನಮ್ಮ ಬ್ರಾಂಚಿನವನು. ಹಾಡಿದ್ದು ಅವಳು. ಹಾಸ್ಟೆಲ್ ರೂಮಿನ ಗೋಡೆಗೆಲ್ಲ ಹಾಸಿಗೆ ನಿಲ್ಲಿಸಿ, ಕಿಟಕಿಗೆ ಎರಡು ರಗ್ಗು ಕಟ್ಟಿ, ಫ್ಯಾನ್ ಆಫ್ ಮಾಡಿ ಗಿಟಾರು, ಕಹೋನ್ ರೆಕಾರ್ಡ್ ಮಾಡಿದ್ವಿ. ಅವಳ ದನಿಯನ್ನ ಒಬ್ಬ ಗೆಳೆಯನ ಮನೆಯಲ್ಲಿ, ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಟ್ಟು ಅದರ ಎದುರು ನಿಲ್ಲಿಸಿ ರೆಕಾರ್ಡ್ ಮಾಡಿದ್ದು. ಬಟ್ಟೆ ಸದ್ದನ್ನ ಹೀರಿಕೊಳ್ಳುತ್ತೆ, ಪ್ರತಿಧ್ವನಿ ಬರಲ್ಲ. ದುಡ್ಡಿಲ್ಲದವರ ಸ್ಟುಡಿಯೋ ಇದೇ.

ತಲೆಗೆ ಐನೂರು ರೂಪಾಯಿ. ಹನ್ನೊಂದು ಜನ ಸೇರಿ ಐದೂವರೆ ಸಾವಿರ. ಅದರಲ್ಲಿ ಕ್ಯಾಮರಾ ಬಾಡಿಗೆ, ಪೆಟ್ರೋಲು, ಊಟ, ಒಂದು ಬ್ಲೂಟೂತ್ ಸ್ಪೀಕರು.

ಜಾಗ ಶೆಟ್ಟಿಹಳ್ಳಿ ಚರ್ಚ್. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ನೀರು ಇಳಿದು ಒಳಗೆ ನಡೆದು ಹೋಗಬಹುದು. ಮಾರ್ಚಲ್ಲಿ ನಾವು ಹೋದಾಗ ನೆಲ ಒಣಗಿ ಬಿರುಕು ಬಿಟ್ಟಿತ್ತು, ಸ್ವಲ್ಪ ದೂರದಲ್ಲಿ ನೀರು. ಚಾವಣಿ ಇಲ್ಲ, ಕಮಾನುಗಳ ನಡುವೆ ಆಕಾಶ. ಯಾವ ಕಡೆ ಕ್ಯಾಮರಾ ಇಟ್ಟರೂ ಚಂದವೇ.

*

ಈಗ ಅವಳ ಕೆಲಸದ ಬಗ್ಗೆ ಹೇಳಬೇಕು.

ಹಾಡಿನ ಎರಡನೇ ಚರಣದಲ್ಲಿ ಅವಳು ಕಮಾನಿನ ಕೆಳಗೆ ನಡೆದು ಬರಬೇಕು. ದುಪಟ್ಟ, ಕೂದಲು, ಧೂಳು ಎಲ್ಲ ನಿಧಾನಕ್ಕೆ ಹಾರಬೇಕು. ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು. ಇದಕ್ಕೆ ಒಂದು ಹಳೇ ಉಪಾಯ ಇದೆ. ಕ್ಯಾಮರಾವನ್ನ ಸೆಕೆಂಡಿಗೆ 50 ಫ್ರೇಮಿಗೆ ಇಡೋದು, ಹಾಡನ್ನ ಎರಡು ಪಟ್ಟು ವೇಗದಲ್ಲಿ ಹಾಕೋದು. ಆ ವೇಗಕ್ಕೆ ತುಟಿ ಆಡಿಸೋದು. ಆಮೇಲೆ ದೃಶ್ಯವನ್ನ 25 ಫ್ರೇಮಿಗೆ ಇಳಿಸಿದ್ರೆ ತುಟಿ ಮಾಮೂಲಿ ವೇಗಕ್ಕೆ ಬರುತ್ತೆ, ಉಳಿದ ಪ್ರಪಂಚ ಎಲ್ಲ ನಿಧಾನ ಆಗುತ್ತೆ. ಕೋಲ್ಡ್‌ಪ್ಲೇ ತಂಡದ 'ದಿ ಸೈಂಟಿಸ್ಟ್' ಹಾಡಿಗೆ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನ ಹಿಂದುಮುಂದಾಗಿ ಹಾಡೋದು ಕಲಿತಿದ್ದ. ಅದೂ ಇದೇ ಜಾತಿಯ ಕಸರತ್ತು.

ಹೇಳೋಕೆ ಸುಲಭ. ಎರಡು ಪಟ್ಟು ವೇಗದಲ್ಲಿ ಹಾಡು ಕೇಳಿದ್ರೆ ಅಳಿಲು ಕೂಗಿದ ಹಾಗೆ ಕೇಳುತ್ತೆ. ಸುತ್ತ ಹತ್ತು ಜನ ಬಿದ್ದು ಬಿದ್ದು ನಗ್ತಿದ್ದಾರೆ. ಅಂಥಾದ್ರಲ್ಲಿ ಮುಖದಲ್ಲಿ ವಿರಹ ತಂದುಕೊಂಡು, ಒಂದಕ್ಷರ ತಪ್ಪದೆ, ನಡಿಗೆ ಎಡವದೆ ಬರಬೇಕು. ಅವಳು ಹಾಸ್ಟೆಲಲ್ಲಿ ಒಂದು ವಾರ ಅಭ್ಯಾಸ ಮಾಡಿದ್ಲು. ಬಿಸಿಲಲ್ಲಿ ಹದಿನಾಲ್ಕು ಟೇಕ್ ಕೊಟ್ಟಳು.

ದೂರದ ಶಾಟ್‌ಗಳಲ್ಲಿ ಇನ್ನೊಂದು ತಲೆನೋವು. ಸ್ಪೀಕರು ಅವಳ ಹತ್ತಿರ, ಕ್ಯಾಮರಾ ಮೂವತ್ತು ಮೀಟರ್ ಆಚೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 34 ಮೀಟರ್ ದೂರ ಇದ್ರೆ ಕ್ಯಾಮರಾದ ಮೈಕಿಗೆ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪುತ್ತೆ. 25 ಫ್ರೇಮಿನ ವಿಡಿಯೋದಲ್ಲಿ ಅದು ಎರಡೂವರೆ ಫ್ರೇಮು. ಕ್ಯಾಮರಾದಲ್ಲಿ ದಾಖಲಾದ ಸದ್ದನ್ನ ಮೂಲ ಹಾಡಿಗೆ ಸರಿಯಾಗಿ ಹೊಂದಿಸಿದ್ರೂ ತುಟಿ ಮೊದಲು ಬರುತ್ತೆ, ದನಿ ಆಮೇಲೆ. ಎಡಿಟಿಂಗ್ ಮಾಡ್ತಿದ್ದವನು ಎರಡು ರಾತ್ರಿ ತಲೆ ಕೆಡಿಸಿಕೊಂಡು, ಕೊನೆಗೆ ಪಿಯುಸಿ ಭೌತಶಾಸ್ತ್ರ ನೆನಪಾಗಿ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸಿದ್ದ. ನಾಲ್ಕು ವರ್ಷದ ಇಂಜಿನಿಯರಿಂಗಲ್ಲಿ ನಾವು ಕಣ್ಣಾರೆ ಕಂಡ ಭೌತಶಾಸ್ತ್ರ ಅಂದ್ರೆ ಇದೊಂದೇ ಅಂತ ಈಗಲೂ ಹೇಳಿಕೊಂಡು ನಗ್ತೀವಿ.

ಅದೇ ಸೆಮಿಸ್ಟರಲ್ಲಿ ನಮ್ಮ ಪ್ರಾಜೆಕ್ಟುಗಳೂ ನಡೀತಿದ್ವು. ಒಂದು ತಂಡದಲ್ಲಿ ನಾಲ್ಕು ಜನ ಇದ್ರೆ ಕೆಲಸ ಮಾಡೋನು ಒಬ್ಬ, ವರದಿ ಬೈಂಡ್ ಮಾಡಿಸೋನು ಒಬ್ಬ, ಇನ್ನಿಬ್ಬರು ವೈವಾ ದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರೋರು. ಇದು ನಿಮಗೂ ಗೊತ್ತಿರೋದೇ. ಆದರೆ ಈ ವಿಡಿಯೋಗೆ ಅಂಕ ಇರಲಿಲ್ಲ, ಗೈಡ್ ಇರಲಿಲ್ಲ, ಆದ್ರೂ ಹನ್ನೊಂದು ಜನರೂ ಕೆಲಸ ಮಾಡಿದ್ರು. ಒಬ್ಬ ಎರಡು ದಿನ ಪೂರ್ತಿ ಥರ್ಮೋಕೋಲ್ ಹಲಗೆ ಹಿಡಿದು ಬಿಸಿಲನ್ನ ಅವಳ ಮುಖಕ್ಕೆ ತಿರುಗಿಸ್ತಾ ನಿಂತಿದ್ದ. ವಿಡಿಯೋದಲ್ಲಿ ಅವನ ಒಂದು ಬೆರಳೂ ಇಲ್ಲ. ಆದರೆ ಅವಳ ಕಣ್ಣಲ್ಲಿ ಹೊಳೀತಿರೋ ಬೆಳಕು ಅವನದ್ದು.

ಹಾಗಾಗಿ "ಆ ವಿಡಿಯೋ ನಮ್ಮದು" ಅಂತ ಹತ್ತು ಜನ ಹೇಳಿದ್ರೆ ಅದು ಬಾಯಿಮಾತಲ್ಲ.

*

ಅವಳ ಮೆಸೇಜು ಗುಂಪಿನಲ್ಲಿ ಬಂದಿದ್ದು ಒಂದು ಭಾನುವಾರ. ಎರಡೇ ಸಾಲು. ಮುಖ ಇರೋ ಭಾಗ ತೆಗೀಬೇಕು, ದನಿ ಇರಲಿ, ಬೇಜಾರು ಮಾಡ್ಕೋಬೇಡಿ. ಅಷ್ಟೇ.

ಮೊದಲ ಉತ್ತರ, "ಏನಾಯ್ತೇ?" ಎರಡನೇದು, "ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಮೂರನೇದು, "ಯಾರಾದ್ರೂ ಕಾಟ ಕೊಡ್ತಿದ್ದಾರಾ? ಹೇಳು, ನೋಡ್ಕೋತೀವಿ." ಎಲ್ಲವೂ ಪ್ರೀತಿಯಿಂದಲೇ ಕೇಳಿದ್ದು. ಅವಳು ಯಾವುದಕ್ಕೂ ಉತ್ತರ ಕೊಡಲಿಲ್ಲ. ಅಲ್ಲಿಂದ ವಾದ ಶುರುವಾಯ್ತು. ಅವಳಿಲ್ಲದ ಇನ್ನೊಂದು ಗುಂಪು ತಾನೇ ಹುಟ್ಟಿಕೊಳ್ತು (ನಮ್ಮ ಜನಕ್ಕೆ ಇದೊಂದು ವಿದ್ಯೆ). ಅಲ್ಲಿ ಬಂದ ಮಾತುಗಳನ್ನ ಒಂದೊಂದಾಗಿ ತಗೋತೀನಿ.

ಒಂದನೇ ಮಾತು: "ಆವತ್ತು ಅವಳೇ ಒಪ್ಪಿದ್ಲಲ್ಲ?"

ಹೌದು, ಒಪ್ಪಿದ್ಲು. ಪೂರ್ತಿ ಮನಸಿನಿಂದ ಒಪ್ಪಿದ್ಲು, ನಮ್ಮೆಲ್ಲರಿಗಿಂತ ಹೆಚ್ಚು ಉತ್ಸಾಹ ಅವಳಿಗೇ ಇತ್ತು. ಈಗ ಬೇಡ ಅಂತಾಳೆ. ಎರಡೂ ನಿಜ. ಒಂದನ್ನ ಸುಳ್ಳು ಮಾಡದೆ ಇನ್ನೊಂದನ್ನ ಒಪ್ಪಿಕೊಳ್ಳೋಕೆ ನಮಗೆ ಯಾಕೆ ಕಷ್ಟ?

ಇನ್ನೂ ಒಂದು ವಿಷಯ ಇದೆ. ಒಪ್ಪಿಗೆ ಅನ್ನೋದು ಆ ಕಾಲದ ಪ್ರಪಂಚಕ್ಕೆ ಕೊಟ್ಟಿದ್ದು. ನಾಲ್ಕು ನಿಮಿಷ ಹತ್ತು ಸೆಕೆಂಡಿನ ಆ ವಿಡಿಯೋದಲ್ಲಿ ಅವಳ ಮುಖ ಇರೋದು ಒಂದು ನಿಮಿಷ ಐವತ್ತು ಸೆಕೆಂಡು. ಅಂದ್ರೆ 110 ಸೆಕೆಂಡು. ಸೆಕೆಂಡಿಗೆ 25ರ ಲೆಕ್ಕದಲ್ಲಿ 2750 ಫ್ರೇಮು. ಒಳ್ಳೇ ಬೆಳಕಿನಲ್ಲಿ, ಎಲ್ಲ ಕೋನಗಳಿಂದ, ತುಟಿ ಕಣ್ಣು ಆಡ್ತಿರೋ 2750 ಫೋಟೋಗಳು ಯಾರು ಬೇಕಾದ್ರೂ ಇಳಿಸಿಕೊಳ್ಳೋ ಹಾಗೆ ಬಯಲಲ್ಲಿವೆ. 2019ರಲ್ಲಿ ನಾವ್ಯಾರೂ ಅದನ್ನ ಹಾಗೆ ನೋಡಿರಲಿಲ್ಲ, ನೋಡೋ ಕಾರಣವೂ ಇರಲಿಲ್ಲ. 2023ರ ನವೆಂಬರಿನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನ ಬೇರೊಬ್ಬರ ವಿಡಿಯೋಗೆ ಅಂಟಿಸಿದ ಸುದ್ದಿ ದೇಶ ಪೂರ್ತಿ ಓಡಾಡಿತು. ನಮಗೆ ಗಿಟಾರಿನ ಹುಚ್ಚು ಹಿಡಿಸಿದ ಅದೇ 'ಕಿರಿಕ್ ಪಾರ್ಟಿ'ಯ ನಾಯಕಿ. ಹೆಸರಿದ್ದವರಾದ್ರೆ ಸುದ್ದಿಯಾದ್ರೂ ಆಗುತ್ತೆ. ಹೆಸರಿಲ್ಲದ ಹುಡುಗಿಗೆ ಹೀಗಾದ್ರೆ ಯಾರಿಗೆ ಗೊತ್ತಾಗುತ್ತೆ ಹೇಳಿ?

ಅವಳ ಕಾರಣ ಇದೇ ಅಂತ ನಾನು ಹೇಳ್ತಿಲ್ಲ. ಅವಳ ಕಾರಣ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ಹಾಡಿಗೆ ಕೊಟ್ಟ ಒಪ್ಪಿಗೆಯನ್ನ ಮುಂದೆ ಬರೋ ಎಲ್ಲ ಕಾಲಕ್ಕೂ ಹಿಗ್ಗಿಸೋಕೆ ಬರಲ್ಲ ಅಂತಷ್ಟೇ ನನ್ನ ಮಾತು. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಆಯ್ತಲ್ಲ, ಅದರಲ್ಲಿ ಒಂದು ಒಳ್ಳೇ ನಿಯಮ ಇದೆ. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ಹಿಂಪಡೆಯೋದೂ ಅಷ್ಟೇ ಸುಲಭ ಇರಬೇಕು ಅಂತ. ಗೆಳೆಯರು ತಮ್ಮ ಖಾಸಗಿ ಖುಷಿಗೆ ಮಾಡಿಕೊಂಡಿದ್ದಕ್ಕೆ ಆ ಕಾಯ್ದೆ ಕೈ ಹಾಕಲ್ಲ. ಆದರೆ ಬ್ಯಾಂಕು, ಕಂಪನಿಗಳಿಂದ ನಾವು ಬಯಸೋ ಮರ್ಯಾದೆಯನ್ನ ಗೆಳತಿಗೆ ಕೊಡೋದು ದೊಡ್ಡ ವಿಷಯವಾ? ಅವಳು ಆವತ್ತು ಒಪ್ಪಿಗೆ ಕೊಟ್ಟಿದ್ದು ಕ್ಯಾಂಟೀನಿನಲ್ಲಿ, "ಹ್ಞೂಂ, ಮಾಡೋಣ" ಅನ್ನೋ ಎರಡು ಮಾತಿನಲ್ಲಿ. ಹಿಂಪಡೆಯೋಕೂ ಎರಡು ಸಾಲು ಸಾಕಾಗಬೇಕು.

ಎರಡನೇ ಮಾತು: "ಹತ್ತು ಜನರ ಶ್ರಮ ಇದೆ, ಒಬ್ಬಳಿಗೋಸ್ಕರ ಹಾಳು ಮಾಡೋದಾ? ವೋಟ್ ಹಾಕೋಣ."

ಇದೇ ಗಟ್ಟಿ ವಾದ. ಇದನ್ನ ಹೇಳಿದವನು ಆ ವಿಡಿಯೋದ ಕ್ಯಾಮರಾ ಮತ್ತು ಎಡಿಟಿಂಗ್ ಮಾಡಿದವನು. ನಮ್ಮಲ್ಲಿ ಹತ್ತು ಜನ ಸಾಫ್ಟ್‌ವೇರು, ಬ್ಯಾಂಕು, ಅದು ಇದು ಅಂತ ಸೇರಿಕೊಂಡ್ವಿ. ಅವನೊಬ್ಬನೇ ಇದನ್ನೇ ಬದುಕು ಮಾಡ್ಕೊಂಡ. ಅವನ ಮೊದಲ ಕೆಲಸ ಸಿಕ್ಕಿದ್ದು ಈ ವಿಡಿಯೋ ತೋರಿಸಿ. ಅದರಲ್ಲೂ ಆ ಕಮಾನಿನ ಶಾಟ್ ತೋರಿಸಿ. ನಮಗೆ ಅದು ನೆನಪು, ಅವನಿಗೆ ಅದು ಅನ್ನ.

ಕಾನೂನಿನ ಪುಸ್ತಕ ನೋಡಿದ್ರೆ ಗೊಂದಲ ಇನ್ನೂ ಜಾಸ್ತಿ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ನಾಲ್ಕು ನಿಮಿಷದ ಒಂದು ಮ್ಯೂಸಿಕ್ ವಿಡಿಯೋದಲ್ಲಿ ಎಷ್ಟು ಪದರ ಇದೆ ನೋಡಿ. ಸಾಹಿತ್ಯದ ಹಕ್ಕು ಬರೆದವನದ್ದು. ರಾಗದ ಹಕ್ಕು ಸಂಯೋಜಕನದ್ದು. ಧ್ವನಿಮುದ್ರಣಕ್ಕೆ ಬೇರೆ ಹಕ್ಕು. ದೃಶ್ಯಕ್ಕೆ ಇನ್ನೊಂದು, ಅದು ನಿರ್ಮಾಪಕನದ್ದು. ಇದರ ಮೇಲೆ ಹಾಡಿದವರಿಗೆ, ನಟಿಸಿದವರಿಗೆ ಪ್ರದರ್ಶಕರ ಹಕ್ಕು ಬೇರೆ. ನಿರ್ಮಾಪಕ ಅಂದ್ರೆ ಚಿತ್ರ ಮಾಡೋ ಮುಂದಾಳತ್ವ ಮತ್ತು ಹೊಣೆ ಹೊತ್ತವನು ಅಂತೆ. ತಲೆಗೆ ಐನೂರು ಹಾಕಿದ ಹನ್ನೊಂದು ಜನರಲ್ಲಿ ನಿರ್ಮಾಪಕ ಯಾರು? ಈ ಪ್ರಶ್ನೆ ಇಟ್ಕೊಂಡು ವಕೀಲರ ಹತ್ರ ಹೋದ್ರೆ ಐದೂವರೆ ಸಾವಿರಕ್ಕಿಂತ ಜಾಸ್ತಿ ಫೀಸ್ ಆಗುತ್ತೆ.

ಆದರೆ ಇಷ್ಟೆಲ್ಲ ಪದರ ಬಿಡಿಸಿದ್ರೂ ಒಂದು ವಿಷಯ ಗಮನಿಸಿ. ಅವೆಲ್ಲ ನಾವು ಮಾಡಿದ್ದರ ಮೇಲಿನ ಹಕ್ಕು. ಸಾಹಿತ್ಯ ಮಾಡಿದ್ವಿ, ರಾಗ ಮಾಡಿದ್ವಿ, ಶಾಟ್ ಮಾಡಿದ್ವಿ. ಮುಖ ನಾವು ಮಾಡಿದ್ದಲ್ಲ. ಅದು ಅವಳು ತಂದಿದ್ದು. ಬಾಡಿಗೆ ಕ್ಯಾಮರಾ ವಾಪಸ್ ಕೊಟ್ವಿ, ಸ್ಪೀಕರು ಹಂಚ್ಕೊಂಡ್ವಿ. ಮುಖವನ್ನ ಹಂಚ್ಕೊಳ್ಳೋಕೆ ಆಗಲ್ಲ. ಪಾತ್ರೆ ಪಗಡ ಹಂಚೋವಾಗ ವೋಟ್ ಹಾಕಬಹುದು. ಒಬ್ಬರ ಮುಖ ಎಲ್ಲಿ ಕಾಣಿಸಬೇಕು ಅನ್ನೋದಕ್ಕೆ ಹತ್ತು ಜನ ವೋಟ್ ಹಾಕೋದು ಅಂದ್ರೆ, ಹತ್ತಲ್ಲ, ಸಾವಿರ ಜನ ಹಾಕಿದ್ರೂ ಅದು ಲೆಕ್ಕಕ್ಕೆ ಬರಬಾರದು.

ಮೂರನೇ ಮಾತು: "ಸರಿ, ತೆಗೆಯೋಣ. ಆದರೆ ಯಾಕೆ ಅಂತ ಹೇಳಲಿ."

ಇದೇ ಎಲ್ಲರಿಗೂ ನ್ಯಾಯ ಅನ್ನಿಸಿದ ಮಾತು. ನನಗೆ ಇದೇ ಎಲ್ಲಕ್ಕಿಂತ ತೊಂದರೆ ಅನ್ನಿಸಿದ ಮಾತು.

ಕಾರಣ ಕೇಳೋದು ಅಂದ್ರೆ, "ಕಾರಣ ಸರಿ ಇದೆಯಾ ಇಲ್ವಾ ಅಂತ ನಾವು ತೀರ್ಮಾನ ಮಾಡ್ತೀವಿ" ಅಂತ ಅರ್ಥ. ಅವಳು ಒಂದು ಕಾರಣ ಹೇಳ್ತಾಳೆ ಅಂತಿಟ್ಕೊಳ್ಳಿ. ಅದು ಚಿಕ್ಕದು ಅನ್ನಿಸಿದ್ರೆ "ಅಷ್ಟಕ್ಕೇನಾ?" ಅಂತೀವಿ. ದೊಡ್ಡದು ಅನ್ನಿಸಿದ್ರೆ ಅವಳ ಬದುಕಿನ ಒಂದು ಗುಟ್ಟು ಹತ್ತು ಜನರ ಫೋನಿನಲ್ಲಿ ಕೂರುತ್ತೆ. ಒಂದು ಮುಖ ಮರೆ ಮಾಡೋಕೆ ಇನ್ನೊಂದು ಮರೆಯನ್ನ ಬಿಚ್ಚಿಡಬೇಕು ಅಂದ್ರೆ ಇದ್ಯಾವ ನ್ಯಾಯ? ಅದೂ ಅಲ್ದೆ, "ಸುಮ್ನೆ, ಬೇಡ ಅನ್ನಿಸ್ತು" ಅನ್ನೋದೂ ಕಾರಣವೇ. ಇಪ್ಪತ್ತೊಂದರಲ್ಲಿ ತೊಟ್ಟ ಅಂಗಿಯನ್ನ ಇಪ್ಪತ್ತೆಂಟರಲ್ಲಿ ಯಾಕೆ ತೊಡಲ್ಲ ಅಂತ ಯಾರಾದ್ರೂ ಕೇಳ್ತಾರಾ?

ಈ ವಿಷಯದಲ್ಲಿ ನಮ್ಮ ಹೈಕೋರ್ಟ್ ಒಂದು ಚಂದದ ದಾರಿ ತೋರಿಸಿದೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆ ಬಂದಿದ್ದರು. ಹಳೇ ಪ್ರಕರಣವೊಂದರ ಆದೇಶದಲ್ಲಿ ತಮ್ಮ ಮಗಳ ಹೆಸರಿದೆ, ಇಂಟರ್ನೆಟ್ಟಿನಲ್ಲಿ ಹುಡುಕಿದ್ರೆ ಅದು ಸಿಗಬಾರದು ಅನ್ನೋದು ಅವರ ಕೋರಿಕೆ. ಇಂಟರ್ನೆಟ್ ಹುಡುಕಾಟದಲ್ಲಿ ಆ ಹೆಸರು ಕಾಣಿಸದ ಹಾಗೆ ಪ್ರಯತ್ನ ಮಾಡಿ ಅಂತ ಕೋರ್ಟ್ ತನ್ನ ರಿಜಿಸ್ಟ್ರಿಗೆ ಹೇಳಿತು. ಆದರೆ ಹೈಕೋರ್ಟಿನ ಸ್ವಂತ ವೆಬ್‌ಸೈಟಿನಲ್ಲಿ, ದೃಢೀಕೃತ ಪ್ರತಿಯಲ್ಲಿ ಹೆಸರು ಹಾಗೇ ಇರುತ್ತೆ ಅಂತಲೂ ಹೇಳಿತು. ಅಂದ್ರೆ ನಡೆದಿದ್ದನ್ನ ಅಳಿಸಲಿಲ್ಲ, ದಾರಿಯಲ್ಲಿ ಹೋಗೋರಿಗೆಲ್ಲ ಸಿಗೋದನ್ನ ತಡೀತು. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದ್ದು, ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಗಿದ್ದಿದ್ದು ನಿಮಗೆಲ್ಲ ನೆನಪಿರಬಹುದು.

ನೆನಪು ಬೇರೆ, ಬಯಲು ಬೇರೆ. ಈ ವ್ಯತ್ಯಾಸ ಹಿಡಿದುಕೊಂಡ್ರೆ ನಮ್ಮ ಜಗಳ ಅರ್ಧ ಕರಗುತ್ತೆ.

*

ಇನ್ನು, ಮಾಡೋದು ಹೇಗೆ ಅನ್ನೋ ಪ್ರಶ್ನೆ.

ಒಬ್ಬ ಗೆಳೆಯ ಸುಲಭದ ದಾರಿ ಹೇಳಿದ. ಯೂಟ್ಯೂಬಿನಲ್ಲೇ ಮುಖ ಮಸುಕು ಮಾಡೋ ಸೌಲಭ್ಯ ಇದೆ, ಅದನ್ನ ಹಾಕಿದ್ರೆ ಲಿಂಕೂ ಉಳಿಯುತ್ತೆ, ವ್ಯೂಸೂ ಉಳಿಯುತ್ತೆ. ತಾಂತ್ರಿಕವಾಗಿ ಸರಿ. ಆದರೆ ಯೋಚಿಸಿ ನೋಡಿ... ಟಿವಿಯಲ್ಲಿ ಮುಖ ಮಸುಕು ಮಾಡಿ ತೋರಿಸೋದು ಯಾರನ್ನ? ಪೊಲೀಸ್ ಜೀಪಿನಿಂದ ಇಳಿಯೋರನ್ನ. ಚರ್ಚಿನ ಕಮಾನಿನ ಕೆಳಗೆ ಹಾಡ್ತಾ ಬರೋ ಹುಡುಗಿಗೆ ಆ ಮಂಜು ಗಾಜು ಹಾಕಿದ್ರೆ, ನೋಡಿದವರೆಲ್ಲ ಮೊದಲು ಕೇಳೋದೇ "ಯಾರು ಇವಳು, ಏನಾಯ್ತು?" ಅಂತ. ಮರೆ ಮಾಡೋಕೆ ಹೋಗಿ ಡಂಗುರ ಸಾರಿದ ಹಾಗೆ. ನಾನು ಖಡಾಖಂಡಿತ ಬೇಡ ಅಂದೆ.

ಉಳಿದಿದ್ದು ಒಂದೇ ದಾರಿ. ಮತ್ತೆ ಎಡಿಟ್ ಮಾಡೋದು. ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ಕಡತವನ್ನ ಅದೇ ವಿಳಾಸದಲ್ಲಿಟ್ಟು ಬದಲಾಯಿಸೋಕೆ ಆಗಲ್ಲ. ಹಳೇದನ್ನ ಇಳಿಸಬೇಕು, ಹೊಸದನ್ನ ಹೊಸದಾಗೇ ಏರಿಸಬೇಕು. ಹದಿನಾಲ್ಕು ಸಾವಿರ ವ್ಯೂಸು ಹೋಗುತ್ತೆ, ಕಾಮೆಂಟು ಹೋಗುತ್ತೆ. ಹದಿನಾಲ್ಕು ಸಾವಿರ ಅಂದ್ರೆ ಯಾರಿಗೂ ದೊಡ್ಡ ಸಂಖ್ಯೆ ಅಲ್ಲ, ನಮಗೆ ಮಾತ್ರ ಕೋಟಿ.

ಹೋಲಿಕೆಗೆ ಒಂದು ಉದಾಹರಣೆ. 2009ರ ಸೆಪ್ಟೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಶ್ವವಿದ್ಯಾಲಯವೊಂದರಲ್ಲಿ 172 ವಿದ್ಯಾರ್ಥಿಗಳು ಬ್ಲ್ಯಾಕ್ ಐಡ್ ಪೀಸ್ ತಂಡದ ಹಾಡೊಂದಕ್ಕೆ ತುಟಿ ಸೇರಿಸಿ ಒಂದೇ ಟೇಕಿನಲ್ಲಿ ವಿಡಿಯೋ ಮಾಡಿದ್ರು. ಕಾರಿಡಾರು, ಮೆಟ್ಟಿಲು, ಸಭಾಂಗಣ, ಎಲ್ಲೂ ಕಟ್ ಇಲ್ಲ. ನಾವೆಲ್ಲ ಅದನ್ನ ಬಾಯಿ ಬಿಟ್ಕೊಂಡು ನೋಡಿದ್ವಿ. ಅಂಥದ್ದರಲ್ಲಿ 172 ಜನರಲ್ಲಿ ಒಬ್ಬರು ಬೇಡ ಅಂದ್ರೆ ಕತ್ತರಿ ಹಾಕೋಕೆ ಜಾಗವೇ ಇಲ್ಲ, ಪೂರ್ತಿ ಇಳಿಸಬೇಕು. ನಮ್ಮ ಬಡ ವಿಡಿಯೋದಲ್ಲಿ ನೂರಾರು ಕಟ್ ಇದ್ದಿದ್ದು ಈಗ ಉಪಕಾರಕ್ಕೆ ಬಂತು. ಜೊತೆಗೆ ಶೂಟ್ ಮಾಡಿದ್ದೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇತ್ತು. ಯಾರೂ ಬಳಸದ ಶಾಟ್‌ಗಳು. ಒಣಗಿದ ನೆಲದ ಬಿರುಕು, ಕಮಾನಿನ ಮೇಲೆ ಕೂತ ಹಕ್ಕಿ, ಕಹೋನ್ ಮೇಲಿನ ಕೈ, ಥರ್ಮೋಕೋಲ್ ಹಿಡಿದವನ ನೆರಳು, ದೂರದಿಂದ ಬೆನ್ನು ಹಾಕಿ ನೀರಿನ ಕಡೆ ನಡೀತಿರೋ ಒಂದು ಆಕೃತಿ. ಆ ಬೆನ್ನಿನ ಶಾಟ್ ಇಡಬಹುದಾ ಅಂತ ಅವಳನ್ನೇ ಕೇಳಿದ್ವಿ. "ಬೆನ್ನು ಇರಲಿ ಬಿಡ್ರೋ" ಅಂದಳು.

ಆ ಕೆಲಸ ಮಾಡಿದ್ದು ಯಾರು ಗೊತ್ತಾ? ವೋಟ್ ಹಾಕೋಣ ಅಂದಿದ್ನಲ್ಲ, ಅವನೇ. ಮೂರು ಭಾನುವಾರ ಕೂತು ಮಾಡಿದ. "ನಾನು ಇದನ್ನ ಒಪ್ಪಿಲ್ಲ, ಆದ್ರೂ ಮಾಡ್ತಿದ್ದೀನಿ, ಬೇರೆಯವರ ಕೈಗೆ ಕೊಟ್ಟರೆ ಹಾಳು ಮಾಡ್ತಾರೆ" ಅಂದ. ಹೊಸದು ಚೆನ್ನಾಗಿದೆಯಾ ಅಂತ ಕೇಳಿದ್ರೆ, ಹಳೇದರಷ್ಟು ಇಲ್ಲ. ಕಮಾನಿನ ಕೆಳಗಿನ ಆ ನಡಿಗೆ ಇಲ್ಲದ ಎರಡನೇ ಚರಣ ಖಾಲಿ ಖಾಲಿ ಅನ್ನಿಸುತ್ತೆ. ಸುಳ್ಳು ಹೇಳಿ ಪ್ರಯೋಜನ ಇಲ್ಲ. ನಷ್ಟ ಆಗಿದೆ, ಅದರಲ್ಲಿ ದೊಡ್ಡ ಪಾಲು ಅವನದ್ದೇ. ಅವನು ಈಗಲೂ ನನ್ನ ವಾದ ಒಪ್ಪಿಲ್ಲ, ಒಪ್ಪಬೇಕು ಅಂತ ನಾನೂ ಹಟ ಮಾಡಲ್ಲ. ಸರಿಯಾದ್ದನ್ನ ಮಾಡಿದ್ರೆ ಯಾರಿಗೂ ನಷ್ಟ ಆಗಲ್ಲ ಅನ್ನೋದು ನೀತಿಕತೆಯಲ್ಲಿ ಮಾತ್ರ.

ಹಳೇ ವಿಡಿಯೋದ ಒಂದೊಂದು ಪ್ರತಿ ಹನ್ನೊಂದು ಜನರ ಹತ್ರವೂ ಇದೆ, ಅವಳ ಹತ್ರಾನೂ. ಯಾರೂ ಹೊರಗೆ ಹಾಕೋ ಹಾಗಿಲ್ಲ ಅನ್ನೋದು ಒಪ್ಪಂದ. ಕ್ಯಾಮರಾದವನು ತನ್ನ ಕೆಲಸದ ಸಂದರ್ಶನಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ತೋರಿಸಬಹುದು, ಲಿಂಕ್ ಕೊಡೋ ಹಾಗಿಲ್ಲ ಅಂತ ಅವಳೇ ಹೇಳಿದ್ಲು. ಹೈಕೋರ್ಟ್ ಮಾಡಿದ ಹಾಗೇ ಆಯ್ತಲ್ಲ... ದಾಖಲೆ ಉಳೀತು, ಬಯಲು ಹೋಯ್ತು.

*

ಈಗ ಕಾಲೇಜಿನಲ್ಲಿದ್ದು ಇಂಥ ವಿಡಿಯೋ ಮಾಡೋಕೆ ಹೊರಟಿರೋ ತಮ್ಮ ತಂಗಿಯರು ನಿಮ್ಮ ಮನೆಯಲ್ಲೂ ಇರ್ತಾರೆ. ಮಾಡಬೇಡಿ ಅಂತ ದಯವಿಟ್ಟು ಹೇಳಬೇಡಿ. ಖಂಡಿತ ಮಾಡಲಿ. ಆ ಎರಡು ದಿನಗಳಷ್ಟು ನಾನು ಆಮೇಲೆ ಯಾವ ಆಫೀಸಿನಲ್ಲೂ ಕಲಿತಿಲ್ಲ, ನಕ್ಕೂ ಇಲ್ಲ. ಇಪ್ಪತ್ತೊಂದರ ವಯಸ್ಸಲ್ಲಿ ಗೆಳೆಯರ ನಡುವೆ ಯಾರೂ ಕಾಗದ ಬರೆಸಿಕೊಳ್ಳಲ್ಲ, ಬರೆಸಿಕೊಳ್ಳೋದೂ ಬೇಡ. ಬಾಯಿಮಾತಿನಲ್ಲಿ ನಾಲ್ಕು ವಿಷಯ ಆಡಿಕೊಂಡ್ರೆ ಸಾಕು.

ಯಾರು ಯಾವಾಗ ಬೇಡ ಅಂದ್ರೂ ಅವರ ಮುಖ ತೆಗೀತೀವಿ, ಕಾರಣ ಕೇಳಲ್ಲ. ಇದು ಮೊದಲನೇದು. ಶೂಟ್ ಮಾಡಿದ್ದನ್ನೆಲ್ಲ ಎರಡು ಕಡೆ ಜೋಪಾನವಾಗಿ ಇಡೋದು, ಮತ್ತೆ ಎಡಿಟ್ ಮಾಡೋ ದಿನ ಬಂದ್ರೆ ಅದೇ ಆಸರೆ. ಚಾನೆಲ್ಲಿನ ಪಾಸ್‌ವರ್ಡ್ ಇಬ್ಬರ ಹತ್ರ ಇರಲಿ, ಒಬ್ಬರು ಫೋನ್ ಎತ್ತದೇ ಇದ್ರೂ ಕೆಲಸ ನಿಲ್ಲಬಾರದು. ಮತ್ತೆ ಮುಖ ಇಲ್ಲದ ಶಾಟ್‌ಗಳನ್ನ ಧಾರಾಳವಾಗಿ ತೆಗೀರಿ. ಕೈ, ಕಾಲು, ನೆರಳು, ನೀರು, ಗೋಡೆ. ಆವತ್ತು ದಂಡ ಅನ್ನಿಸುತ್ತೆ, ಒಂದು ದಿನ ಅದೇ ಹಾಡನ್ನ ಉಳಿಸುತ್ತೆ.

ಒಟ್ಟಿಗೆ ಸೇರಿ ಏನಾದ್ರೂ ಮಾಡೋಕೆ ಬೇಕಾಗಿರೋದು ನಂಬಿಕೆ. ಬೇಕಾದಾಗ ಹೊರಗೆ ಬರೋಕೆ ಬಾಗಿಲು ತೆರೆದಿದೆ ಅಂತ ಗೊತ್ತಿದ್ರೆ ತಾನೇ ಒಳಗೆ ಬರೋಕೆ ಧೈರ್ಯ? ನಾಳೆ ನಮ್ಮ ಗುಂಪಿನಲ್ಲಿ ಇನ್ನೊಬ್ಬರು ಹಾಡು ಮಾಡೋಣ ಅಂದ್ರೆ ಅವಳು ಬರ್ತಾಳೆ ಅನ್ನೋ ನಂಬಿಕೆ ನನಗಿದೆ. ಒಂದು ವೇಳೆ ಆವತ್ತು ವೋಟ್ ಹಾಕಿ ಗೆದ್ದಿದ್ರೆ ವಿಡಿಯೋ ಉಳೀತಿತ್ತು, ಅವಳು ಉಳೀತಿರಲಿಲ್ಲ.

ನೀವೇನಂತೀರಿ? ನಿಮ್ಮ ಗುಂಪಿನಲ್ಲಿ ಹೀಗಾಗಿದ್ರೆ ಏನು ಮಾಡ್ತಿದ್ರಿ? ನನ್ನ ಗೆಳೆಯನ ಪರ ಇದ್ರೂ ಸಂಕೋಚ ಇಲ್ಲದೆ ಬರೀರಿ, ಅವನಿಗೂ ತೋರಿಸ್ತೀನಿ. ವಿಡಿಯೋ ಲಿಂಕ್ ಮಾತ್ರ ಕೇಳಬೇಡಿ ಆಯ್ತಾ :)